ಶಸ್ತ್ರಸಂನ್ಯಾಸಕ್ಕೆ ಸಾಕ್ಷಿ

1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿಯೊಬ್ಬರು, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ವಿದ್ಯಾರ್ಥಿಗೆ ತಾಯ್ನುಡಿಯಲ್ಲಿ ಬರೆಯುವಂತೆ ಬುದ್ಧಿಮಾತು ಹೇಳಿದ ಪ್ರಸಂಗ ಕನ್ನಡದ ಓದುಗರಿಗೆ ಹೊಸದಲ್ಲ. ಆ ವಿದ್ಯಾರ್ಥಿ ಕುವೆಂಪು. ಆ ಕವಿ ಜೇಮ್ಸ್ ಕಸಿನ್ಸ್. ಕಸಿನ್ಸರನ್ನು ನಾವು ಐರ್ಲೆಂಡಿನವರೆಂದು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಯಾವ ಐರ್ಲೆಂಡಿನವರೆಂದು ವಿಚಾರಿಸುವುದಿಲ್ಲ. ಅವರು ಹುಟ್ಟಿದ್ದು 1873ರಲ್ಲಿ, ಬೆಲ್‌ಫಾಸ್ಟ್ ನಗರದ ಒಂದು ಪ್ರಾಟೆಸ್ಟೆಂಟ್ ಮನೆಯಲ್ಲಿ. ಆ ನಗರದಲ್ಲಿ ಹುಟ್ಟಿದ ಮಗುವಿಗೆ ಹೆಸರಿಗಿಂತ ಮೊದಲೇ ಒಂದು ಪಕ್ಷ ಅಂಟಿಕೊಳ್ಳುತ್ತಿದ್ದಿತು. ಯಾವ ಚರ್ಚು, ಯಾವ ಬೀದಿ, ಯಾವ ಶಾಲೆ ಎಂಬುದರಿಂದಲೇ ಆತ ಯಾವ ರಾಷ್ಟ್ರದವನೆಂದು ಜನ ತೀರ್ಮಾನಿಸಿಬಿಡುತ್ತಿದ್ದರು. ಕಸಿನ್ಸರು ಆ ಗೋಡೆಯನ್ನು ದಾಟಿ ಡಬ್ಲಿನ್ನಿಗೂ ಅಲ್ಲಿಂದ ಭಾರತಕ್ಕೂ ಬಂದರು. ದಾಟದೆ ಉಳಿದವರ ಕಥೆ ಬೇರೆ. ಈ ಹೊತ್ತು ನಾನು ಹೇಳಹೊರಟಿರುವುದು ಆ ಕಥೆಯ ಒಂದು ಅಧ್ಯಾಯವನ್ನು.

1921ರಲ್ಲಿ ಐರ್ಲೆಂಡ್ ದ್ವೀಪ ಎರಡಾಯಿತು. ಈಶಾನ್ಯದ 6 ಕೌಂಟಿಗಳು ಉತ್ತರ ಐರ್ಲೆಂಡ್ ಎಂಬ ಹೆಸರಿನಲ್ಲಿ ಬ್ರಿಟನ್ನಿನೊಡನೆ ಉಳಿದವು. ಮಿಕ್ಕ 26 ಕೌಂಟಿಗಳು ಬೇರೆ ರಾಜ್ಯವಾದವು. ಉತ್ತರದಲ್ಲಿ ಬಹುಸಂಖ್ಯಾತರಾಗಿದ್ದ ಪ್ರಾಟೆಸ್ಟೆಂಟರು ಬ್ರಿಟನ್ನಿನೊಡನೆ ಕೂಡಿಯೇ ಇರಬೇಕೆಂದವರು, ಅವರು ಯೂನಿಯನಿಸ್ಟರು. ಅಲ್ಲಿನ ಕ್ಯಾಥೊಲಿಕರಲ್ಲಿ ಹೆಚ್ಚಿನವರು ಇಡೀ ದ್ವೀಪ ಒಂದಾಗಬೇಕೆಂದವರು, ಅವರು ರಾಷ್ಟ್ರೀಯರು. ಬಂದೂಕು ಹಿಡಿದಾದರೂ ಒಂದಾಗಿಸುತ್ತೇವೆ ಎಂದವರು ಗಣತಂತ್ರವಾದಿಗಳು. 1960ರ ದಶಕದ ಕೊನೆಯಿಂದ 1998ರವರೆಗೆ ನಡೆದ ಹಿಂಸೆಯಲ್ಲಿ ಸತ್ತವರು 3,500ಕ್ಕೂ ಹೆಚ್ಚು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಐರಿಷ್ ರಿಪಬ್ಲಿಕನ್ ಸೇನೆ, ಅಂದರೆ ಐ.ಆರ್.ಎ., ಕೈಯಲ್ಲಿ ಸತ್ತರು. ಪ್ರಾಟೆಸ್ಟೆಂಟರ ಗುಪ್ತ ಪಡೆಗಳೂ ಕೊಂದವು. ಸರ್ಕಾರದ ಸೈನಿಕರೂ ಕೊಂದರು. ಇಡೀ ಪ್ರಾಂತದ ಜನಸಂಖ್ಯೆ ಆಗ ಹದಿನೈದು ಹದಿನಾರು ಲಕ್ಷ ಎಂಬುದನ್ನು ನೆನೆದರೆ ಈ ಸಾವಿನ ಭಾರ ತಿಳಿಯುತ್ತದೆ. ಸಾವು ಕಾಣದ ಬೀದಿಯೇ ಅಪರೂಪವಾಗಿದ್ದಿತು.

ಇಂಥ ಹಿಂಸೆ ನಿಂತಿತು ಎಂದುಕೊಳ್ಳೋಣ. ಬಂದೂಕುಗಳನ್ನು ಏನು ಮಾಡಬೇಕು? ಸುಲಭವಾಗಿ ಕಾಣುವ ಈ ಪ್ರಶ್ನೆಯನ್ನು ಬಗೆಹರಿಸಲು ಅಲ್ಲಿ ಹನ್ನೊಂದು ವರ್ಷ ಹಿಡಿಯಿತು.

ಮೊದಲ ತೊಡಕು ಪದದ್ದೇ. ಒಪ್ಪಿಸುವುದೆಂದರೆ ಸೋಲು, ಆದ್ದರಿಂದ ಶರಣಾಗತಿ ಎಂಬ ಮಾತು ಐ.ಆರ್.ಎ.ಗೆ ಕೂಡದು. ಕೊನೆಗೆ ಎಲ್ಲರೂ ಹಿಡಿದುಕೊಂಡ ಪದ ‘ಡಿಕಮಿಷನಿಂಗ್’. ಹಳೆಯ ಯುದ್ಧನೌಕೆಯನ್ನು ಸೇವೆಯಿಂದ ನಿವೃತ್ತಿಗೊಳಿಸುವಾಗ ಬಳಸುವ ಮಾತು ಅದು. ನನ್ನಂಥ ನಿವೃತ್ತ ಮೇಷ್ಟರಿಗೆ ಚೆನ್ನಾಗಿ ಅರ್ಥವಾಗುವ ಪದವೆನ್ನಬೇಕು. ಸೋತವನೂ ಇಲ್ಲ, ಗೆದ್ದವನೂ ಇಲ್ಲ. ಅವಧಿ ಮುಗಿಯಿತು, ಅಷ್ಟೆ. ಐ.ಆರ್.ಎ.ಗೆ ಅದೂ ರುಚಿಸಲಿಲ್ಲ. ‘ಉಪಯೋಗಕ್ಕೆ ಸಿಗದಂತೆ ಇಡುತ್ತೇವೆ’ ಎಂಬುದು ಅದರ ಒಕ್ಕಣೆ.

ವಿರಾಟಪರ್ವವನ್ನು ಪಾಠ ಹೇಳಿದವರಿಗೆ ಈ ಒಕ್ಕಣೆ ಅಪರಿಚಿತವಲ್ಲ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಯಾರಿಗೂ ಒಪ್ಪಿಸಲಿಲ್ಲ. ಸ್ಮಶಾನದ ಬನ್ನಿಯ ಮರದಲ್ಲಿ ಕಟ್ಟಿ, ಯಾರೂ ಹತ್ತಿರ ಸುಳಿಯದಿರಲೆಂದು ಜತೆಗೊಂದು ಹೆಣವನ್ನೂ ತೂಗುಹಾಕಿದರು. ಒಂದು ವರ್ಷ ಅವು ಉಪಯೋಗಕ್ಕೆ ಸಿಗಲಿಲ್ಲ, ನಿಜ. ಆದರೆ ಗೋಗ್ರಹಣದ ದಿನ ಉತ್ತರಕುಮಾರ ಮರ ಹತ್ತಿದ; ಗಾಂಡೀವ ಕೆಳಗಿಳಿಯಿತು. ಬೆಲ್‌ಫಾಸ್ಟಿನ ಯೂನಿಯನಿಸ್ಟನ ಭಯ ಇದೇ ಆಗಿತ್ತು. ಕಟ್ಟಿಟ್ಟ ಗಂಟು ಎಂದು ಬಿಚ್ಚೀತೋ!

ಅತ್ತ ಗಣತಂತ್ರವಾದಿಯ ಭಯಕ್ಕೂ ನಮ್ಮಲ್ಲೇ ಹೋಲಿಕೆಯುಂಟು. ಅಶ್ವತ್ಥಾಮ ಸತ್ತನೆಂಬ ಅರ್ಧಸತ್ಯವನ್ನು ನಂಬಿ ದ್ರೋಣರು ಶಸ್ತ್ರಸಂನ್ಯಾಸ ಮಾಡಿ ಕುಳಿತರು. ಧೃಷ್ಟದ್ಯುಮ್ನನ ಕತ್ತಿ ಅವರ ಕೊರಳಿಗೆ ಬಂದದ್ದು ಆಮೇಲೆ. ಆಯುಧ ಕೆಳಗಿಟ್ಟವನ ಗತಿ ಇದು ಎಂದು ಆ ಕಥೆ ಸಾರುತ್ತದೆ. ಒಬ್ಬನ ಕಣ್ಣಮುಂದೆ ಬನ್ನಿಯ ಮರ, ಇನ್ನೊಬ್ಬನ ಕಣ್ಣಮುಂದೆ ದ್ರೋಣನ ರುಂಡ. ಇಬ್ಬರ ಭಯವೂ ಕಟ್ಟುಕಥೆಯಾಗಿರಲಿಲ್ಲ.

ಏಕೆಂದರೆ ಆ ನಾಡಿನ ಇತಿಹಾಸವೇ ಹಾಗಿತ್ತು. 1914ರ ಏಪ್ರಿಲಿನಲ್ಲಿ ಅಲ್ಸ್ಟರಿನ ಪ್ರಾಟೆಸ್ಟೆಂಟ್ ಸ್ವಯಂಸೇವಕರು ಜರ್ಮನಿಯಿಂದ ತರಿಸಿದ ಸುಮಾರು 25,000 ಬಂದೂಕುಗಳನ್ನು ಲಾರ್ನ್ ಮುಂತಾದ ಬಂದರುಗಳಲ್ಲಿ ರಾತ್ರೋರಾತ್ರಿ ಇಳಿಸಿಕೊಂಡರು. ಮೂರು ತಿಂಗಳ ಮೇಲೆ, ಡಬ್ಲಿನ್ ಹತ್ತಿರದ ಹೌತ್ ಬಂದರಿನಲ್ಲಿ ಐರಿಷ್ ಸ್ವಯಂಸೇವಕರು ತಮ್ಮ ಬಂದೂಕುಗಳನ್ನು ಇಳಿಸಿಕೊಂಡರು. 1923ರ ಮೇ ತಿಂಗಳಲ್ಲಿ ಅಂತರ್ಯುದ್ಧದಲ್ಲಿ ಸೋತ ಐ.ಆರ್.ಎ. ಹೋರಾಟವನ್ನು ನಿಲ್ಲಿಸಿತು, ಆದರೆ ಆಯುಧಗಳನ್ನು ಒಪ್ಪಿಸಲಿಲ್ಲ, ಅಡಗಿಸಿಡಿ ಎಂದು ತನ್ನವರಿಗೆ ಆಜ್ಞೆ ಮಾಡಿತು. 1962ರಲ್ಲಿ ಗಡಿಯ ಕಾರ್ಯಾಚರಣೆಯನ್ನು ಕೈಬಿಟ್ಟಾಗಲೂ ಹಾಗೆಯೇ. ಯುದ್ಧ ಮುಗಿದರೆ ಬಂದೂಕು ಹುಲ್ಲುಬಣವೆಗೋ ಬಾವಿಯ ಬದಿಗೋ ಸೇರುತ್ತಿತ್ತೇ ಹೊರತು ಶತ್ರುವಿನ ಕೈ ಸೇರಿದ್ದಿಲ್ಲ. 1969ರ ಆಗಸ್ಟಿನಲ್ಲಿ ಬೆಲ್‌ಫಾಸ್ಟಿನ ಬಾಂಬೆ ಸ್ಟ್ರೀಟ್ ಎಂಬ ಬೀದಿ ಗಲಭೆಯಲ್ಲಿ ಸುಟ್ಟುಹೋಯಿತು. ನಮ್ಮ ಮುಂಬಯಿಯ ಹೆಸರು ಹೊತ್ತ ಆ ಬೀದಿಯಲ್ಲಿ ಕ್ಯಾಥೊಲಿಕ್ ಕುಟುಂಬಗಳು ವಾಸಿಸುತ್ತಿದ್ದವು. ಅಂದು ತಮ್ಮನ್ನು ಕಾಯಲು ಬಂದೂಕು ಇರಲಿಲ್ಲ ಎಂಬ ನೆನಪೇ ಹೊಸ ಐ.ಆರ್.ಎ.ಗೆ ಬಂಡವಾಳವಾಯಿತು. ಮುಂದೆ 1980ರ ದಶಕದಲ್ಲಿ ಲಿಬಿಯಾದಿಂದ ಹಡಗುಗಟ್ಟಲೆ ಆಯುಧವೂ ಸ್ಫೋಟಕವೂ ಬಂದವು. 1994ರ ಆಗಸ್ಟ್ 31ರಂದು ಐ.ಆರ್.ಎ. ಕದನವಿರಾಮ ಸಾರಿದ ಮೇಲೆ ಅದರ ಕೇರಿಗಳ ಗೋಡೆಗಳ ಮೇಲೆ ಕಾಣಿಸಿಕೊಂಡ ಬರಹ, ಒಂದು ಗುಂಡೂ ಇಲ್ಲ, ಒಂದು ಔನ್ಸೂ ಇಲ್ಲ ಎಂಬುದು. ಔನ್ಸೆಂದರೆ ಸ್ಫೋಟಕದ ತೂಕ.

ಬ್ರಿಟಿಷ್ ಸರ್ಕಾರ ಮೊದಲು ಆಯುಧ, ಆಮೇಲೆ ಮಾತುಕತೆ ಎಂದಿತು. 1995ರ ಮಾರ್ಚಿನಲ್ಲಿ ಸಚಿವ ಪ್ಯಾಟ್ರಿಕ್ ಮೇಹ್ಯೂ, ಸದ್ಭಾವದ ಗುರುತಾಗಿ ಸ್ವಲ್ಪವನ್ನಾದರೂ ಮುಂಚೆಯೇ ಬಿಟ್ಟುಕೊಡಬೇಕೆಂಬ ಷರತ್ತನ್ನು ಮುಂದಿಟ್ಟರು. ಗಂಟು ಬಿಗಿಯಿತು. ಅಮೆರಿಕದ ಜಾರ್ಜ್ ಮಿಚೆಲ್, ಕೆನಡಾದ ಜನರಲ್ ಜಾನ್ ಡಿ ಶಾಸ್ಟೆಲೆನ್, ಫಿನ್ಲೆಂಡಿನ ಮಾಜಿ ಪ್ರಧಾನಿ ಹಾರ್ರಿ ಹೋಲ್ಕೆರಿ ಈ ಮೂವರ ಸಮಿತಿ 1996ರ ಜನವರಿಯಲ್ಲಿ ನಡುದಾರಿಯೊಂದನ್ನು ತೋರಿಸಿತು. ಮಾತುಕತೆಗೆ ಮುಂಚೆ ಯಾರೂ ಆಯುಧ ಬಿಡಲಾರರು. ಮಾತುಕತೆ ನಡೆಯುತ್ತಿರುವಾಗಲೇ ಅದೂ ನಡೆಯಲಿ ಎಂಬುದು ಅದರ ಸಲಹೆ. ಫೆಬ್ರವರಿ 9ರಂದು ಲಂಡನ್ನಿನ ಡಾಕ್‌ಲೆಂಡ್ಸಿನಲ್ಲಿ ಐ.ಆರ್.ಎ. ಬಾಂಬು ಸಿಡಿಯಿತು; ಇಬ್ಬರು ಸತ್ತರು; ಕದನವಿರಾಮ ಮುರಿಯಿತು. ಅದು ಮತ್ತೆ ಕೂಡಿಬಂದದ್ದು 1997ರ ಜುಲೈನಲ್ಲಿ. ಆ ವರ್ಷವೇ ಆಯುಧಗಳ ವಿಲೇವಾರಿಗೆಂದು ಸ್ವತಂತ್ರವಾದ ಅಂತರರಾಷ್ಟ್ರೀಯ ಆಯೋಗವೊಂದು ಏರ್ಪಟ್ಟಿತು. ಅದರ ಅಧ್ಯಕ್ಷರು ಅದೇ ಜನರಲ್ ಡಿ ಶಾಸ್ಟೆಲೆನ್.

ಇಲ್ಲಿಗೆ ನಮ್ಮ ಕಥೆಯ ಮುಖ್ಯ ಪಾತ್ರದ ಪ್ರವೇಶ. ಡೇವಿಡ್ ಟ್ರಿಂಬಲ್ 1944ರಲ್ಲಿ ಹುಟ್ಟಿದವರು. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರದ ಅಧ್ಯಾಪಕರು. ಕೆಂಪೇರುವ ಮುಖ, ಬೇಗ ಕೆರಳುವ ಸ್ವಭಾವ, ಕಾನೂನಿನ ಕಲಮುಗಳಲ್ಲಿ ಅಪಾರ ಶ್ರದ್ಧೆ. 1983ರ ಡಿಸೆಂಬರಿನಲ್ಲಿ ಅವರ ಸಹೋದ್ಯೋಗಿಯೂ ಪಕ್ಷದ ಜತೆಗಾರರೂ ಆಗಿದ್ದ ಎಡ್ಗರ್ ಗ್ರಹಾಂ ಅವರನ್ನು ಐ.ಆರ್.ಎ. ಅದೇ ವಿಶ್ವವಿದ್ಯಾನಿಲಯದ ಆವರಣದಲ್ಲಿ ಗುಂಡಿಟ್ಟು ಕೊಂದಿತ್ತು. 1995ರಲ್ಲಿ ಟ್ರಿಂಬಲ್ ಅಲ್ಸ್ಟರ್ ಯೂನಿಯನಿಸ್ಟ್ ಪಕ್ಷದ ನಾಯಕರಾದಾಗ ಅವರನ್ನು ಜನ ಹಟವಾದಿಯೆಂದೇ ಆರಿಸಿದ್ದರು. ಆ ಬೇಸಗೆಯಲ್ಲಿ ಪೋರ್ಟಡೌನಿನ ಕ್ಯಾಥೊಲಿಕ್ ಕೇರಿಯ ಪಕ್ಕದಲ್ಲಿ ನಡೆದ ಪ್ರಾಟೆಸ್ಟೆಂಟ್ ಮೆರವಣಿಗೆಯ ಕೊನೆಗೆ, ಉಗ್ರ ಪಾದ್ರಿ ಇಯಾನ್ ಪೇಸ್ಲಿಯವರ ಕೈಹಿಡಿದೆತ್ತಿ ನಡೆದವರು ಅವರು.

ಅಂಥವರೇ 1998ರ ಏಪ್ರಿಲ್ 10ರ ಶುಭ ಶುಕ್ರವಾರದ ಒಪ್ಪಂದಕ್ಕೆ ಸಮ್ಮತಿಸಿದರು. ಐ.ಆರ್.ಎ.ಯ ರಾಜಕೀಯ ಮುಖವಾದ ಶಿನ್ ಫೇನ್ ಪಕ್ಷವೂ ಸೇರಿ ಎಲ್ಲ ಮುಖ್ಯ ಪಕ್ಷಗಳೂ ಅಧಿಕಾರ ಹಂಚಿಕೊಂಡು ಆಳಬೇಕೆಂಬುದು ಒಪ್ಪಂದದ ತಿರುಳು. ಆಯುಧದ ವಿಷಯದಲ್ಲಿ ಅದು ಹೇಳಿದ್ದಿಷ್ಟೆ: ಜನಮತಗಣನೆಯಾದ ಎರಡು ವರ್ಷಗಳೊಳಗೆ ವಿಲೇವಾರಿಯಾಗುವಂತೆ ಎಲ್ಲ ಪಕ್ಷಗಳೂ ತಮಗಿರುವ ಪ್ರಭಾವವನ್ನು ಬಳಸತಕ್ಕದ್ದು. ನ್ಯಾಯಶಾಸ್ತ್ರದ ಅಧ್ಯಾಪಕನಿಗೆ ಈ ವಾಕ್ಯದ ಪೊಳ್ಳು ಕಾಣದೆ ಇರಲಿಲ್ಲ. ಪ್ರಭಾವ ಬಳಸಿದೆವು, ಫಲಿಸಲಿಲ್ಲ ಎಂದರೆ? ಅಂದು ಕೊನೆಯ ಗಳಿಗೆಯಲ್ಲಿ ಪ್ರಧಾನಿ ಟೋನಿ ಬ್ಲೇರ್ ಭರವಸೆಯ ಪತ್ರವೊಂದನ್ನು ಬರೆದುಕೊಟ್ಟರು. ಅದನ್ನು ನಂಬಿ ಟ್ರಿಂಬಲ್ ಒಪ್ಪಿದರು; ಅವರ ತಂಡದ ಜೆಫ್ರಿ ಡೊನಾಲ್ಡ್‌ಸನ್ ನಂಬದೆ ಎದ್ದುಹೋದರು. ಮೇ 22ರ ಜನಮತಗಣನೆಯಲ್ಲಿ ಉತ್ತರದ ಶೇಕಡ 71 ಮಂದಿ ಒಪ್ಪಂದಕ್ಕೆ ಹೌದೆಂದರು. ಟ್ರಿಂಬಲ್ ಪ್ರಥಮ ಸಚಿವರಾಗಿ ಆಯ್ಕೆಯಾದರು. ರಾಷ್ಟ್ರೀಯರ ನಾಯಕ ಜಾನ್ ಹ್ಯೂಮ್ ಅವರೊಡನೆ ಆ ವರ್ಷದ ನೊಬೆಲ್ ಶಾಂತಿ ಪಾರಿತೋಷಕವೂ ಬಂದಿತು. ಯೂನಿಯನಿಸ್ಟರು ಕಟ್ಟಿದ ಮನೆ ಗಟ್ಟಿಯಾಗಿತ್ತು, ಆದರೆ ಕ್ಯಾಥೊಲಿಕರಿಗೆ ಅದು ಬೆಚ್ಚಗಿರಲಿಲ್ಲ ಎಂಬರ್ಥದ ಮಾತನ್ನು ಅವರು ಓಸ್ಲೋದಲ್ಲಿ ಆಡಿದರು. ಒಬ್ಬ ಯೂನಿಯನಿಸ್ಟ್ ನಾಯಕನ ಬಾಯಲ್ಲಿ ಅದು ದೊಡ್ಡ ಮಾತು.

ಆದರೆ ಪಾರಿತೋಷಕ ಓಸ್ಲೋದಲ್ಲಿ ಸಿಕ್ಕುತ್ತದೆ. ಮತ ಊರಿನಲ್ಲಿ ಸಿಕ್ಕಬೇಕು. ಟ್ರಿಂಬಲ್ ಅವರ ಪಕ್ಷವನ್ನು ಆಳುತ್ತಿದ್ದುದು ಎಂಟುನೂರಕ್ಕೂ ಹೆಚ್ಚು ಸದಸ್ಯರಿದ್ದ ಒಂದು ಮಹಾಸಭೆ. ಒಪ್ಪಂದವಾದ ವಾರದಲ್ಲಿ ಅಲ್ಲಿ ಅವರಿಗೆ 540 ಮತ, ವಿರೋಧವಾಗಿ 210. ‘ಬಂದೂಕು ಬಾರದೆ ಸರ್ಕಾರವಿಲ್ಲ’ ಎಂದು ಸಾರಿದ್ದ ಪಕ್ಷವನ್ನು, ಬಂದೂಕು ಬರುವ ಮುನ್ನವೇ ಸರ್ಕಾರಕ್ಕೆ ಕರೆತಂದ 1999ರ ನವೆಂಬರಿನಲ್ಲಿ 480ಕ್ಕೆ 349. 2000ದ ಮೇ ತಿಂಗಳಲ್ಲಿ 459ಕ್ಕೆ 403. ಶಾಂತಿಗಾಗಿ ಇಟ್ಟ ಒಂದೊಂದು ಹೆಜ್ಜೆಗೂ ಆತನ ಕಾಲ ಕೆಳಗಿನ ನೆಲ ಎಷ್ಟೆಷ್ಟು ಕರಗಿತೆಂಬುದನ್ನು ಈ ಅಂಕಿಗಳೇ ಹೇಳುತ್ತವೆ.

1999ರ ಡಿಸೆಂಬರ್ 2ರಂದು ಸರ್ಕಾರ ನಡೆಯತೊಡಗಿತು. ಆಯುಧ ಬರಲಿಲ್ಲ. 2000ದ ಫೆಬ್ರವರಿ 11ರಂದು ಬ್ರಿಟಿಷ್ ಸಚಿವ ಪೀಟರ್ ಮ್ಯಾಂಡೆಲ್‌ಸನ್ ಅದನ್ನು ಅಮಾನತಿನಲ್ಲಿಟ್ಟರು. ಆಯುಧಗಳನ್ನು ಸಂಪೂರ್ಣವಾಗಿ, ಪರಿಶೀಲನೆಗೆ ಒಳಪಡುವಂತೆ, ಉಪಯೋಗದಾಚೆಗೆ ಇಡುವ ಕ್ರಮಕ್ಕೆ ತೊಡಗುತ್ತೇವೆಂದು ಮೇ ತಿಂಗಳಲ್ಲಿ ಐ.ಆರ್.ಎ. ಮಾತು ಕೊಟ್ಟಿತು. ಅಡಗುದಾಣಗಳನ್ನು ನೋಡಿಬರಲು ಇಬ್ಬರು ಹೊರಗಿನವರು ಬಂದರು: ಫಿನ್ಲೆಂಡಿನ ಮಾಜಿ ಅಧ್ಯಕ್ಷ ಮಾರ್ಟಿ ಆಹ್ತಿಸಾರಿ, ಮತ್ತು ಮುಂದೆ 2018ರಲ್ಲಿ ದಕ್ಷಿಣ ಆಫ್ರಿಕದ ಅಧ್ಯಕ್ಷರಾದ ಸಿರಿಲ್ ರಾಮಫೋಸಾ. ಅವರು ಬನ್ನಿಯ ಮರದ ಗಂಟನ್ನು ನೋಡಿದರು, ಅದು ಭದ್ರವಾಗಿದೆಯೆಂದು ಹೇಳಿದರು. ಗಂಟು ಮಾತ್ರ ಅಲ್ಲೇ ಉಳಿಯಿತು. 2001ರ ಜುಲೈ 1ರಂದು ಟ್ರಿಂಬಲ್ ರಾಜೀನಾಮೆ ಕೊಟ್ಟರು.

ಆ ವರ್ಷದ ಆಗಸ್ಟಿನಲ್ಲಿ ಮೂವರು ಐರಿಷ್ ಗಣತಂತ್ರವಾದಿಗಳು ಕೊಲಂಬಿಯಾದಲ್ಲಿ ಸಿಕ್ಕಿಬಿದ್ದರು. ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಗಳು ಉರುಳಿದವು. ಅದುವರೆಗೆ ಅಮೆರಿಕದ ಐರಿಷ್ ಮೂಲದವರಲ್ಲಿ ಹಲವರು ಐ.ಆರ್.ಎ.ಯನ್ನು ಸ್ವಾತಂತ್ರ್ಯವೀರರ ಗುಂಪೆಂದು ನೋಡುತ್ತಿದ್ದರು. ಆ ನೋಟ ಬದಲಾಯಿತು. ಅಕ್ಟೋಬರ್ 23ರಂದು ಮೊಟ್ಟಮೊದಲ ಬಾರಿಗೆ ಐ.ಆರ್.ಎ. ತನ್ನ ಆಯುಧಗಳಲ್ಲಿ ಒಂದು ಭಾಗವನ್ನು ನಿರುಪಯುಕ್ತಗೊಳಿಸಿತು. ಆಯೋಗ ಅದನ್ನು ಕಣ್ಣಾರೆ ಕಂಡಿತು. ಎಷ್ಟು, ಎಲ್ಲಿ, ಹೇಗೆ ಎಂಬುದನ್ನು ಹೇಳಲಿಲ್ಲ. ಆದರೂ ಟ್ರಿಂಬಲ್ ಸ್ವಾಗತಿಸಿದರು. ಎಂದಿಗೂ ಬಾರದೆಂದು ಜನ ಹೇಳಿದ್ದ ದಿನ ಬಂದಿತೆಂಬುದು ಅವರ ಮಾತಿನ ಧಾಟಿ. ತಮ್ಮ ಸಚಿವರನ್ನು ಸರ್ಕಾರಕ್ಕೆ ಹಿಂದಿರುಗಿಸಿದರು. ಬ್ರಿಟಿಷ್ ಸೈನ್ಯ ದಕ್ಷಿಣ ಆರ್ಮಾದ ಬೆಟ್ಟಗಳ ಮೇಲಿದ್ದ ಕಾವಲುಗೋಪುರಗಳನ್ನು ಕಳಚತೊಡಗಿತು. ಇಷ್ಟಾಗಿಯೂ ಟ್ರಿಂಬಲ್ ಅವರನ್ನು ಮತ್ತೆ ಪ್ರಥಮ ಸಚಿವರಾಗಿ ಆರಿಸುವ ಹೊತ್ತಿಗೆ ಅವರ ಪಕ್ಷದ ಇಬ್ಬರೇ ತಿರುಗಿಬಿದ್ದು, ಮೊದಲ ಪ್ರಯತ್ನ ಕೂದಲೆಳೆಯಲ್ಲಿ ಸೋತಿತು. ನಾಲ್ಕು ದಿನಗಳ ಮೇಲೆ ಮಧ್ಯಮಮಾರ್ಗದ ಅಲೈಯನ್ಸ್ ಪಕ್ಷದ ಕೆಲವರು ಆ ಒಂದು ಮತದಾನದ ಮಟ್ಟಿಗೆ ತಮ್ಮನ್ನು ಯೂನಿಯನಿಸ್ಟರೆಂದು ಬರೆಸಿಕೊಂಡು ಅವರನ್ನು ಗೆಲ್ಲಿಸಬೇಕಾಯಿತು. 2002ರ ಏಪ್ರಿಲಿನಲ್ಲಿ ಎರಡನೆಯ ಕಂತು ನಡೆಯಿತು. ಆ ಅಕ್ಟೋಬರಿನಲ್ಲಿ ಬೇಹುಗಾರಿಕೆಯ ಆಪಾದನೆ ಎದ್ದು ಸರ್ಕಾರ ಮತ್ತೆ ಅಮಾನತಿಗೆ ಹೋಯಿತು.

ಈಗ 2003ರ ಅಕ್ಟೋಬರ್ 21ಕ್ಕೆ ಬರೋಣ. ಆ ಒಂದು ದಿನವನ್ನು ನಾಟಕದ ಅಂಕಗಳಂತೆ ಮುಂಚೆಯೇ ಜೋಡಿಸಿಟ್ಟಿದ್ದರು. ಬೆಳಗ್ಗೆ ಚುನಾವಣೆಯ ದಿನಾಂಕದ ಘೋಷಣೆ. ಆಮೇಲೆ ಶಿನ್ ಫೇನ್ ನಾಯಕ ಜೆರ್ರಿ ಆಡಮ್ಸ್ ಅವರ ಭಾಷಣ, ಅದಕ್ಕೆ ಐ.ಆರ್.ಎ.ಯ ಅನುಮೋದನೆ. ಆಮೇಲೆ ಮೂರನೆಯ ಕಂತಿನ ವಿಲೇವಾರಿ, ಆಯೋಗದ ವರದಿ. ಕೊನೆಗೆ ಟ್ರಿಂಬಲ್ ಅವರ ಒಪ್ಪಿಗೆ, ಮಂಗಳ. ಬ್ಲೇರ್ ಮತ್ತು ಐರ್ಲೆಂಡಿನ ಪ್ರಧಾನಿ ಬರ್ಟಿ ಅಹರ್ನ್ ಇಬ್ಬರೂ ಹಿಲ್ಸ್‌ಬರೋ ಅರಮನೆಯಲ್ಲಿ ಕಾದು ಕುಳಿತಿದ್ದರು.

ಜನರಲ್ ಡಿ ಶಾಸ್ಟೆಲೆನ್ ಪತ್ರಕರ್ತರ ಮುಂದೆ ಬಂದರು. ದಣಿದಿದ್ದರು. ಲಘು, ಮಧ್ಯಮ, ಭಾರಿ ಆಯುಧಗಳೂ ಸ್ಫೋಟಕಗಳೂ ನಿರುಪಯುಕ್ತವಾದುದನ್ನು ಕಂಡೆವು, ಹಿಂದಿನದಕ್ಕಿಂತ ಇದು ದೊಡ್ಡದು ಎಂದರು. ಎಷ್ಟು ಬಂದೂಕು? ಹೇಳುವಂತಿಲ್ಲ. ಎಷ್ಟು ಸ್ಫೋಟಕ? ಹೇಳುವಂತಿಲ್ಲ. ಹೇಗೆ ನಾಶ ಮಾಡಿದರು? ಅದನ್ನೂ ಹೇಳುವಂತಿಲ್ಲ. ಗುಟ್ಟು ಕಾಪಾಡಬೇಕೆಂದು ಐ.ಆರ್.ಎ. ಕೇಳಿತ್ತು, ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು. ಸೈನಿಕನಾದ ಡಿ ಶಾಸ್ಟೆಲೆನ್ ಕೊಟ್ಟ ಮಾತಿಗೆ ಕಟ್ಟುಬಿದ್ದರು. ದೂರದರ್ಶನದಲ್ಲಿ ಇದನ್ನು ನೋಡುತ್ತಿದ್ದ ಯೂನಿಯನಿಸ್ಟ್ ಮತದಾರನಿಗೆ ಸಿಕ್ಕಿದ್ದು ವಯಸ್ಸಾದ, ಪ್ರಾಮಾಣಿಕನಾದ ಒಬ್ಬ ಸೈನಿಕನ ದಣಿದ ಮುಖ ಮಾತ್ರ.

ಟ್ರಿಂಬಲ್ ಹೊರಗೆ ಬಂದು, ಇಷ್ಟು ಸಾಲದು, ನಮ್ಮ ಪಾಲಿನ ಹೆಜ್ಜೆಯನ್ನು ತಡೆಹಿಡಿದಿದ್ದೇವೆ ಎಂದರು. ತಮಗೆ ತಿಳಿದಿರುವುದನ್ನು ಜನರಿಗೂ ತಿಳಿಸುವಂತಿದ್ದರೆ ಅವರು ತೃಪ್ತರಾಗುತ್ತಿದ್ದರೆಂಬ ಅರ್ಥದಲ್ಲಿ ಬ್ಲೇರ್ ಮಾತನಾಡಿದರು. ಆ ಮಾತು ಗಾಯಕ್ಕೆ ಉಪ್ಪು ಹಚ್ಚಿದಂತಾಯಿತು. ಹಿಂದೆ ಕೊಟ್ಟದ್ದಕ್ಕಿಂತ ಹೆಚ್ಚು ಆಯುಧ ಹೋದ ದಿನ, ಆಯುಧಕ್ಕಾಗಿ ಎಲ್ಲರಿಗಿಂತ ಹೆಚ್ಚು ಹಟ ಹಿಡಿದಿದ್ದ ನಾಯಕನೇ ಅದನ್ನು ಸ್ವೀಕರಿಸಲಾರದೆ ಹೋದ.

ಈ ಉತ್ತರವನ್ನು ಹೇಗೆ ತೂಗಬೇಕು? ಟ್ರಿಂಬಲ್ ಅವರದು ಬರಿಯ ಮೊಂಡುತನವೆಂದು ಆಗ ಹಲವರು ಬರೆದರು. ಎರಡು ವರ್ಷದ ಹಿಂದೆ, ಇದಕ್ಕಿಂತ ಕಡಿಮೆ ಆಯುಧವನ್ನು, ಇಷ್ಟೇ ಗುಟ್ಟಿನಲ್ಲಿ ಮಾಡಿದಾಗ ಒಪ್ಪಿದವರು ಈಗ ಒಪ್ಪಲಿಲ್ಲವೇಕೆ? ನನಗೆ ತೋರುವ ಉತ್ತರ ಇದು. 2001ರಲ್ಲಿ ಟ್ರಿಂಬಲ್ ಬಳಿ, ನನ್ನ ಮಾತನ್ನು ನಂಬಿ ಎಂದು ತನ್ನವರಿಗೆ ಹೇಳುವಷ್ಟು ಬಂಡವಾಳ ಇನ್ನೂ ಉಳಿದಿತ್ತು. 2003ಕ್ಕೆ ಅದು ತೀರಿತ್ತು. ಅವರಿಗೆ ಬೇಕಾಗಿದ್ದುದು ಇನ್ನಷ್ಟು ಬಂದೂಕಲ್ಲ. ಐದು ವಾರದ ಮೇಲೆ ಬರಲಿದ್ದ ಚುನಾವಣೆಯಲ್ಲಿ ಮನೆಯ ಬಾಗಿಲಲ್ಲಿ ನಿಂತು ಹೇಳಬಹುದಾದ ಒಂದು ವಾಕ್ಯ. ಇಂತಿಷ್ಟು ಹೋಯಿತು ಎಂಬ ಒಂದು ಸಂಖ್ಯೆ. ಅದನ್ನು ಕೊಡುವವರಿರಲಿಲ್ಲ.

ಐ.ಆರ್.ಎ.ಯ ಕಡೆಯಿಂದಲೂ ನೋಡಬೇಕು. ಪಟ್ಟಿ ಹೊರಬಿದ್ದರೆ, ಚಿತ್ರ ಅಚ್ಚಾದರೆ, ಅದು ಶರಣಾಗತಿಯ ಚಿತ್ರವಾಗಿ ಶತ್ರುವಿನ ಚುನಾವಣಾ ಭಿತ್ತಿಪತ್ರದಲ್ಲಿ ರಾರಾಜಿಸುತ್ತದೆ. ತಮ್ಮೊಳಗಿನ ಉಗ್ರರು ಬೇರೆ ಗುಂಪು ಕಟ್ಟುತ್ತಾರೆ. ಅಂಥ ಗುಂಪೇ 1998ರ ಆಗಸ್ಟಿನಲ್ಲಿ ಓಮಾ ಪಟ್ಟಣದಲ್ಲಿ ಬಾಂಬಿಟ್ಟು 29 ಮಂದಿಯನ್ನು ಕೊಂದಿತ್ತು. ಆದ್ದರಿಂದ ಗುಟ್ಟು ಅವರಿಗೆ ಬರಿಯ ಅಹಂಕಾರದ ವಿಷಯವಾಗಿರಲಿಲ್ಲ. ದೋಷ ಎಲ್ಲಿತ್ತು? ಆಯುಧ ಬಿಡುವವನ ಮಾನವನ್ನು ಕಾಯಲು ನಿಯಮಗಳಿದ್ದವು. ಅದನ್ನು ಒಪ್ಪಿಕೊಳ್ಳುವವನ ಮಾತನ್ನು ಕಾಯಲು ಯಾವ ನಿಯಮವೂ ಇರಲಿಲ್ಲ. ಬಿಟ್ಟ ಆಯುಧದ ಬಗ್ಗೆ ಎಷ್ಟನ್ನು ಬಹಿರಂಗವಾಗಿ ಹೇಳಬಹುದೆಂಬುದನ್ನು ಮೊದಲೇ ಗಟ್ಟಿಮಾಡಿಕೊಳ್ಳದೆ ಎರಡು ಸರ್ಕಾರಗಳೂ ಎರಡು ಪಕ್ಷಗಳೂ ರಂಗಕ್ಕೆ ಇಳಿದುಬಿಟ್ಟವು. ಕಾನೂನಿನ ಮೇಷ್ಟರೂ ಆ ಬಗ್ಗೆ ಬರೆಹದಲ್ಲಿ ಕೇಳಿ ಪಡೆಯಲಿಲ್ಲವೆಂಬುದು ವಿಷಾದದ ಸಂಗತಿ.

ನಮ್ಮ ಉತ್ತರ ಕರ್ನಾಟಕದಲ್ಲಿ ವಿಜಯದಶಮಿಯ ಸಂಜೆ ಬನ್ನಿಯ ಎಲೆಯನ್ನು ಕೈಗಿತ್ತು, ಬನ್ನಿ ತಗೊಂಡು ಬಂಗಾರದಂಗ ಇರೂಣು ಎನ್ನುತ್ತಾರೆ. ಎಲೆ ಬಂಗಾರವಾಗುವುದು ಕೊಡುವವನ ಕೈಯಲ್ಲಲ್ಲ, ಅದನ್ನು ಬಂಗಾರವೆಂದು ತೆಗೆದುಕೊಳ್ಳುವವನ ಕೈಯಲ್ಲಿ. ಹಿಲ್ಸ್‌ಬರೋದಲ್ಲಿ ಆ ದಿನ ಕೊಡುವ ಕೈ ಮುಂದೆ ಬಂದಿತ್ತು. ಆದರೆ ಕೊಟ್ಟದ್ದು ಮುಚ್ಚಿದ ಮುಷ್ಟಿಯಲ್ಲಿತ್ತು.

ನವೆಂಬರ್ 26ರ ಚುನಾವಣೆಯಲ್ಲಿ ಪೇಸ್ಲಿಯವರ ಡೆಮೊಕ್ರಾಟಿಕ್ ಯೂನಿಯನಿಸ್ಟ್ ಪಕ್ಷಕ್ಕೆ 30 ಸ್ಥಾನ, ಟ್ರಿಂಬಲ್ ಪಕ್ಷಕ್ಕೆ 27. ಮಧ್ಯಮರಾಗಿದ್ದ ಹ್ಯೂಮ್ ಅವರ ಪಕ್ಷವನ್ನು ಶಿನ್ ಫೇನ್ ಹಿಂದಕ್ಕೆ ಹಾಕಿತು. 2005ರ ಮೇ ತಿಂಗಳಲ್ಲಿ ಟ್ರಿಂಬಲ್ ಬ್ರಿಟಿಷ್ ಸಂಸತ್ತಿನ ತಮ್ಮ ಸ್ಥಾನವನ್ನೇ ಕಳೆದುಕೊಂಡರು, ನಾಯಕತ್ವವನ್ನು ಬಿಟ್ಟರು.

ಪೇಸ್ಲಿ ಕೇಳಿದ್ದು ಇನ್ನೂ ಹೆಚ್ಚು. 2004ರ ಕೊನೆಯಲ್ಲಿ ಅವರಿಗೆ ಛಾಯಾಚಿತ್ರ ಬೇಕಾಯಿತು. ಐ.ಆರ್.ಎ. ಗೋಣಿತಟ್ಟು ಹೊದ್ದು, ಬೂದಿ ಬಳಿದುಕೊಂಡು ಪಶ್ಚಾತ್ತಾಪಪಡಬೇಕೆಂಬ ಬೈಬಲ್ಲಿನ ಧಾಟಿಯ ಮಾತನ್ನು ಬಾಲಿಮೀನಾ ಸಭೆಯಲ್ಲಿ ಆಡಿದರು. ಐ.ಆರ್.ಎ. ಇದು ಅವಮಾನವೆಂದಿತು, ಮಾತುಕತೆ ಮುರಿಯಿತು. ಆದರೆ 2005ರ ಜುಲೈ 28ರಂದು ಅದೇ ಐ.ಆರ್.ಎ. ತನ್ನ ಸಶಸ್ತ್ರ ಹೋರಾಟ ಮುಗಿಯಿತೆಂದು ಸಾರಿತು. ಸೆಪ್ಟೆಂಬರ್ 26ರಂದು, ಉಳಿದ ಆಯುಧಗಳೆಲ್ಲ ನಿರುಪಯುಕ್ತವಾದವು, ಭದ್ರತಾ ಪಡೆಗಳ ಅಂದಾಜಿಗೆ ಲೆಕ್ಕ ತಾಳೆಯಾಗುತ್ತದೆ ಎಂದು ಡಿ ಶಾಸ್ಟೆಲೆನ್ ಪ್ರಕಟಿಸಿದರು. ಈ ಬಾರಿ ಜತೆಗೆ ಇಬ್ಬರು ಸಾಕ್ಷಿಗಳಿದ್ದರು: ಮೆಥಡಿಸ್ಟ್ ಪಾದ್ರಿ ಹೆರಾಲ್ಡ್ ಗುಡ್, ಕ್ಯಾಥೊಲಿಕ್ ಪಾದ್ರಿ ಅಲೆಕ್ ರೀಡ್. ಪ್ರಾಟೆಸ್ಟೆಂಟನೊಬ್ಬ, ಕ್ಯಾಥೊಲಿಕನೊಬ್ಬ, ಇಬ್ಬರೂ ಕಂಡದ್ದನ್ನು ಕಂಡೆವೆಂದರು. ಪೇಸ್ಲಿ ಆಗಲೂ ಒಪ್ಪಲಿಲ್ಲ. ಚಿತ್ರವಿಲ್ಲ, ಪಟ್ಟಿಯಿಲ್ಲ, ಸಾಕ್ಷಿಗಳನ್ನು ಆರಿಸಿದವರು ನಾವಲ್ಲ ಎಂದರು.

ಆದರೆ ಅದೇ ಪೇಸ್ಲಿ, ಒಂದು ಚಿತ್ರವನ್ನೂ ನೋಡದೆ, 2007ರ ಮೇ 8ರಂದು ಐ.ಆರ್.ಎ.ಯ ಹಳೆಯ ದಳಪತಿ ಮಾರ್ಟಿನ್ ಮೆಗಿನೆಸ್ ಅವರ ಪಕ್ಕದಲ್ಲಿ ನಿಂತು ಪ್ರಥಮ ಸಚಿವರಾಗಿ ಪ್ರಮಾಣವಚನ ಸ್ವೀಕರಿಸಿದರು. ನಡುವೆ ಬದಲಾದುದೇನು? ಒಂದೂವರೆ ವರ್ಷ ಬಂದೂಕು ಮರದಿಂದ ಇಳಿಯಲಿಲ್ಲ. 2007ರ ಜನವರಿ 28ರಂದು ಶಿನ್ ಫೇನ್ ತನ್ನ ವಿಶೇಷ ಅಧಿವೇಶನದಲ್ಲಿ ಉತ್ತರ ಐರ್ಲೆಂಡಿನ ಪೊಲೀಸು ವ್ಯವಸ್ಥೆಗೆ ಬೆಂಬಲ ಕೊಡಲು ತೀರ್ಮಾನಿಸಿತು. ತನ್ನದೇ ಸೇನೆಯೊಂದೇ ನ್ಯಾಯವಾದ ಸೇನೆ ಎಂದವರು, ಕಳ್ಳತನವಾದರೆ ಠಾಣೆಗೆ ಹೋಗಿ ಎಂದು ತಮ್ಮ ಕೇರಿಯವರಿಗೆ ಹೇಳಲು ಒಪ್ಪಿದರು. ಇದಕ್ಕೆ ಆಯೋಗ ಬೇಕಿಲ್ಲ, ಪಾದ್ರಿಗಳ ಸಾಕ್ಷಿ ಬೇಕಿಲ್ಲ. ಎಲ್ಲರ ಕಣ್ಣೆದುರು ನಡೆಯುವ ನಡತೆ ಅದು. ಕೊನೆಗೆ ನಂಬಿಕೆ ಹುಟ್ಟಿಸಿದ್ದು ನಾಶವಾದ ಬಂದೂಕಿನ ಎಣಿಕೆಗಿಂತ ಹೆಚ್ಚಾಗಿ ಈ ನಡತೆ ಎಂದು ನಾನು ತಿಳಿದಿದ್ದೇನೆ. ಪ್ರಾಟೆಸ್ಟೆಂಟರ ಗುಪ್ತ ಪಡೆಗಳು 2009 ಮತ್ತು 2010ರಲ್ಲಿ ತಮ್ಮ ಆಯುಧಗಳನ್ನು ವಿಲೇವಾರಿ ಮಾಡಿದವು. ಅವುಗಳ ಮೇಲೆ ಇಷ್ಟು ಒತ್ತಾಯ ಬಿದ್ದಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು.

ಹಾಗಾದರೆ ಟ್ರಿಂಬಲ್ ಹಟ ವ್ಯರ್ಥವೇ? ಹಾಗೆನ್ನಲಾರೆ. ಅವರು ಪಟ್ಟು ಹಿಡಿಯದಿದ್ದರೆ, 1923ರಂತೆ, 1962ರಂತೆ, ಗಂಟು ಮರದಲ್ಲೇ ಉಳಿಯುತ್ತಿತ್ತು. ಅವರು ಕೇಳಿದ್ದು ಕೊನೆಗೆ ಬಂದಿತು. ಬರುವ ಹೊತ್ತಿಗೆ ಅದನ್ನು ತೆಗೆದುಕೊಳ್ಳುವ ಸ್ಥಾನದಲ್ಲಿ ಅವರಿರಲಿಲ್ಲ. ಅವರು ಬಗ್ಗಿದಾಗಲೆಲ್ಲ ದ್ರೋಹಿ ಎಂದು ಕೂಗಿದವರು, ಅವರು ಸಿದ್ಧಮಾಡಿದ ಗದ್ದುಗೆಯ ಮೇಲೆ ಕುಳಿತರು. ಅವರಿಗೆ ಅಧಿಕಾರ ಹೋಯಿತು. ಊರಿನಲ್ಲಿ ಹೆಣ ಬೀಳುವುದು ನಿಂತಿತು ಎನ್ನುವಷ್ಟು ಕಡಿಮೆಯಾಯಿತು.

ಪೇಸ್ಲಿ 2014ರಲ್ಲಿ ತೀರಿಕೊಂಡರು, ಮೆಗಿನೆಸ್ 2017ರಲ್ಲಿ, ಟ್ರಿಂಬಲ್ 2022ರ ಜುಲೈ 25ರಂದು. 2024ರ ಫೆಬ್ರವರಿ 3ರಂದು ಶಿನ್ ಫೇನ್ ಪಕ್ಷದ ಮಹಿಳೆಯೊಬ್ಬರು ಉತ್ತರ ಐರ್ಲೆಂಡಿನ ಪ್ರಥಮ ಸಚಿವೆಯಾದರು. ಸಭಾಂಗಣದಲ್ಲಿ ನಾಮನಿರ್ದೇಶನದ ಮೂಲಕವೇ ಅದು ನಡೆಯಿತು. ಜಗತ್ತಿನ ಎಷ್ಟೋ ಕಡೆ ಇಂದೂ ಕದನವಿರಾಮದ ಮೇಜಿನ ಸುತ್ತ ಕುಳಿತವರು, ಆಯುಧ ಬಿಡುವವನನ್ನು ಹೇಗೆ ಒಪ್ಪಿಸಬೇಕೆಂದು ತಲೆ ಕೆಡಿಸಿಕೊಳ್ಳುತ್ತಾರೆ. ಅದನ್ನು ಒಪ್ಪಿಕೊಳ್ಳಬೇಕಾದವನು ತನ್ನ ಜನಕ್ಕೆ ಏನೆಂದು ಹೇಳಬೇಕು ಎಂಬುದನ್ನೂ ಅವರು ಅದೇ ಮೇಜಿನಲ್ಲಿ ಬರೆದಿಟ್ಟುಕೊಂಡರೆ ಒಳ್ಳೆಯದು. 2003ರ ಅಕ್ಟೋಬರ್ 21ರ ಸಂಜೆ ಟ್ರಿಂಬಲ್ ಅವರಿಗೆ ಬೇಕಾಗಿದ್ದುದು ಅಷ್ಟೇ.